ಕೊಕೊಸ್‌ನಲ್ಲಿ ಲಂಗರು ಹಾಕುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಹಿಂದೂ ಮಹಾಸಾಗರ ದಾಟುವ ಹಾಯಿದೋಣಿಗಳಿಗೆ ನಡುದಾರಿಯ ತಂಗುದಾಣ ಕೊಕೊಸ್ ಕೀಲಿಂಗ್. ಪರ್ತ್‌ನಿಂದ ಸುಮಾರು 2,750 ಕಿ.ಮೀ. ದೂರದಲ್ಲಿರುವ ಹವಳದ 27 ದ್ವೀಪಗಳು; ಜನವಸತಿ ಇರುವುದು ಎರಡರಲ್ಲಿ ಮಾತ್ರ, ಒಟ್ಟು ಸುಮಾರು ಆರುನೂರು ಮಂದಿ. ತೆಂಗು, ಬಿಳಿ ಮರಳು ಕಂಡು ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ ಎಂದುಕೊಳ್ಳಬೇಡಿ. ಇದು ಆಸ್ಟ್ರೇಲಿಯಾದ ನೆಲ. ದೋಣಿಯಲ್ಲಿರುವ ಎಲ್ಲರೂ ಇದನ್ನು ಓದಬೇಕು, ಅಡುಗೆ ಮಾಡುವವರು ಎರಡು ಸಲ.

ಬರುವ ಮುನ್ನ

ವೀಸಾ ಕೈಯಲ್ಲಿರಬೇಕು. ಭಾರತದ ಪಾಸ್‌ಪೋರ್ಟಿನವರಿಗೆ ಬಂದಿಳಿದ ಮೇಲೆ ಕೊಡುವ ವೀಸಾ ಇಲ್ಲಿಲ್ಲ. ದೋಣಿ ಬರುತ್ತಿರುವುದನ್ನು ಕನಿಷ್ಠ 12 ಗಂಟೆ ಮೊದಲು ಗಡಿ ಅಧಿಕಾರಿಗಳಿಗೆ ತಿಳಿಸಿರಬೇಕು, ಮರೆತರೆ ದಂಡ. ಹೇಳದೆ ಕೇಳದೆ ಇಲ್ಲಿಗೆ ಬಂದವರಲ್ಲಿ ಹೆಸರಾದದ್ದು ಜರ್ಮನಿಯ ಎಮ್ಡೆನ್ ಹಡಗು. 1914ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದ್ದ ಅದೇ ಹಡಗು. ನವೆಂಬರ್ 9ರಂದು ಇಲ್ಲಿನ ಡೈರೆಕ್ಷನ್ ದ್ವೀಪದ ತಂತಿ ಕಚೇರಿ ಒಡೆಯಲು ಆಳುಗಳನ್ನು ಇಳಿಸಿತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಹಡಗು ಬಂತು, ಎಮ್ಡೆನ್ ಉತ್ತರ ಕೀಲಿಂಗಿನ ದಿಬ್ಬಕ್ಕೆ ಏರಿ ಕೂತಿತು.

ಒಳಗೆ ಬರುವಾಗ

ಸೂರ್ಯ ನೆತ್ತಿಯ ಮೇಲಿರುವಾಗಲೇ ಬನ್ನಿ. ಆಗ ಹವಳದ ಬಂಡೆ ಕಂದಾಗಿ, ಮರಳು ತಿಳಿಹಸಿರಾಗಿ ಬೇರೆ ಬೇರೆಯಾಗಿ ಕಾಣುತ್ತವೆ. ಮುಂಭಾಗದಲ್ಲಿ ಒಬ್ಬರು ನಿಂತು ನೀರು ನೋಡುತ್ತಿರಬೇಕು. ಕತ್ತಲಾದರೆ ಹೊರಗೇ ಕಾಯಿರಿ, ಜಿಪಿಎಸ್ ನಂಬಿ ನುಗ್ಗಬೇಡಿ. ಲಂಗರು ಮರಳಿಗೆ, ಹವಳಕ್ಕೆ ಅಲ್ಲ. ಸರಪಳಿ ಒಮ್ಮೆ ಸುತ್ತು ಹೊಡೆದರೆ ಎಷ್ಟೋ ವರ್ಷದ ಹವಳ ಪುಡಿಯಾಗುತ್ತದೆ.

ಹಳದಿ ಬಾವುಟ ಏರಿಸಿ, ಸುಮ್ಮನೆ ಕೂರಿ. ಅಧಿಕಾರಿ ಬಂದು ಸರಿ ಎನ್ನುವವರೆಗೆ ಯಾರೂ ದಡಕ್ಕೆ ಹೋಗಬಾರದು, ಪಕ್ಕದ ದೋಣಿಗೂ ಹೋಗಬಾರದು. ತಿಂಗಳೊಪ್ಪತ್ತಿನ ಮೇಲೆ ಮನುಷ್ಯರ ಮುಖ ಕಂಡಾಗ ಇದು ಕಷ್ಟ, ಗೊತ್ತು.

ಅಡುಗೆ ಕಟ್ಟೆ

ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಕರಿಬೇವಿನ ಕುಂಡ, ಹಸಿ ಶುಂಠಿ, ಜೇನು, ಮೊಟ್ಟೆ, ಮೊಳಕೆ ಕಟ್ಟಿದ ಹೆಸರುಕಾಳು, ದೇವರ ಮುಂದಿನ ತೆಂಗಿನಕಾಯಿ, ಮನೆಯಿಂದ ಕಟ್ಟಿಕೊಟ್ಟ ಸಾರಿನಪುಡಿ: ಎಲ್ಲವನ್ನೂ ಚೀಟಿಯಲ್ಲಿ ಬರೆದು ತೋರಿಸಿ. ಇಟ್ಟುಕೊಳ್ಳಬಹುದೋ ಇಲ್ಲವೋ ಹೇಳುವುದು ಅಧಿಕಾರಿಯ ಕೆಲಸ. ನೀವು ತೀರ್ಮಾನಿಸಬೇಡಿ, ಮುಚ್ಚಿಡಲಂತೂ ಬೇಡಿ. ಎರಡು ದಿನ ಮೊದಲೇ ತರಕಾರಿಯನ್ನೆಲ್ಲ ಹುಳಿಗೋ ಪಲ್ಯಕ್ಕೋ ಹಾಕಿ ಮುಗಿಸಿ. ಬೇಳೆ ಡಬ್ಬಿಗಳನ್ನು ಬಿಸಿಲಿನಲ್ಲಿ ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಕಪ್ಪು ಚುಕ್ಕೆಯೊಂದು ಸರಿದಾಡಿತೋ, ಅದು ಹುಳು. ಆ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಬೇರೆ ಇಡಿ, ಅಧಿಕಾರಿಗೆ ನೀವೇ ಹೇಳಿ. ಲಗೂನಿಗೆ ಒಂದು ಸಿಪ್ಪೆಯನ್ನೂ ಎಸೆಯಬಾರದು.

ಕಸ

ತಂದದ್ದನ್ನು ಹೊತ್ತುಕೊಂಡೇ ಹೋಗಿ. ಈ ದ್ವೀಪಗಳ ದಡದಲ್ಲಿ 41 ಕೋಟಿಗೂ ಹೆಚ್ಚು ಕಸದ ತುಣುಕುಗಳಿವೆ ಎಂದು 2019ರ ಅಧ್ಯಯನವೊಂದು ಅಂದಾಜಿಸಿತು. ಅದರಲ್ಲಿ ಸುಮಾರು 9.77 ಲಕ್ಷ ಚಪ್ಪಲಿ ಬೂಟುಗಳು, 3.73 ಲಕ್ಷ ಹಲ್ಲುಜ್ಜುವ ಬ್ರಷ್ಷುಗಳು. ಆರುನೂರು ಜನ ಎಷ್ಟು ಹಲ್ಲುಜ್ಜಿಯಾರು! ಸಮುದ್ರ ತಂದು ಸುರಿದದ್ದು ಅದು. ಡೈರೆಕ್ಷನ್ ದ್ವೀಪದಲ್ಲಿ ದೋಣಿಯ ಹೆಸರು ಬರೆದು ಬಿಡುವ ರೂಢಿಯಿದೆ. ತೇಲಿ ಬಂದ ಹಲಗೆಯ ಮೇಲೆ ಬರೆಯಿರಿ, ಮರಕ್ಕೆ ಮೊಳೆ ಹೊಡೆಯಬೇಡಿ.

ರಿಪ್‌ನ ಸೆಳೆತ

ಡೈರೆಕ್ಷನ್ ದ್ವೀಪದ ತುದಿಯಲ್ಲಿ ದಿಬ್ಬ ದಾಟಿ ಬಿದ್ದ ಅಲೆಯ ನೀರು ಇಕ್ಕಟ್ಟಿನ ಕಾಲುವೆಯಲ್ಲಿ ರಭಸವಾಗಿ ಲಗೂನಿಗೆ ನುಗ್ಗುತ್ತದೆ. ಇದೇ ರಿಪ್. ಮುಖವಾಡ ಹಾಕಿ ಅದರಲ್ಲಿ ತೇಲಿ ಬರುವುದು ಇಲ್ಲಿನ ದೊಡ್ಡ ಸುಖ, ತಪ್ಪಿಸಿಕೊಳ್ಳಬೇಡಿ. ಒಬ್ಬರೇ ಇಳಿಯಬಾರದು. ಸೆಳೆತಕ್ಕೆ ಎದುರಾಗಿ ಈಜಬಾರದು. ಓರೆಯಾಗಿ ದಡದ ಕಡೆಗೆ ಕೈಹೊಡೆಯಿರಿ. ಪುಟ್ಟ ಶಾರ್ಕ್‌ಗಳು ಕಂಡಾವು. ಮೀನಿನ ತುಂಡು ಎಸೆದು ಕರೆಯುವ ಹುಡುಗಾಟ ಬೇಡ.

ಹೋಮ್ ದ್ವೀಪ

ಇಲ್ಲಿರುವವರು ಕೊಕೊಸ್ ಮಲಯರು, ಮುಸ್ಲಿಮರು. ಈಜುಡುಗೆಯಲ್ಲಿ ಬೀದಿಗೆ ಹೋಗಬಾರದು, ಬಿಯರ್ ಒಯ್ಯಬಾರದು. ಶುಕ್ರವಾರ ನಮಾಜಿನ ಹೊತ್ತಿಗೆ ಅಂಗಡಿ ಬಾಗಿಲು ತಟ್ಟಬೇಡಿ. ಡೀಸೆಲ್ ಕ್ಯಾನುಗಳನ್ನು ಡಿಂಗಿಯಲ್ಲಿ ತರಬೇಕು. ಗಾಳಿ ಎದುರಿದ್ದರೆ ನೀವೂ ನೆನೆಯುತ್ತೀರಿ, ಪಾಸ್‌ಪೋರ್ಟೂ ನೆನೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ.

ಉತ್ತರ ಕೀಲಿಂಗ್ ರಾಷ್ಟ್ರೀಯ ಉದ್ಯಾನ. ಪರವಾನಗಿ ಇಲ್ಲದೆ ಇಳಿಯುವಂತಿಲ್ಲ, ಎಮ್ಡೆನ್ ಅವಶೇಷದ ಒಂದು ತುಕ್ಕುಚೂರನ್ನೂ ಮುಟ್ಟುವಂತಿಲ್ಲ.

ನವೆಂಬರ್ ಹೊತ್ತಿಗೆ ಚಂಡಮಾರುತದ ಕಾಲ ಶುರುವಾಗುತ್ತದೆ, ಅದಕ್ಕೆ ಮೊದಲೇ ಹೊರಡಿ. ಪಡುವಣಕ್ಕೆ ಹೋಗುವವರಿಗೆ ಮುಂದಿನ ನೆಲ ರೋಡ್ರಿಗ್ಸ್, ಸುಮಾರು 2,000 ನಾಟಿಕಲ್ ಮೈಲಿ. ನೀರಿನ ಟ್ಯಾಂಕಿಗೆ ಕಡ್ಡಿ ಇಳಿಸಿ ಅಳತೆ ನೋಡಿದ ಮೇಲೆಯೇ ಲಂಗರು ಎತ್ತಿ.