ಕುರುಹು ಮತ್ತು ಅರಿವು: ಶಾಲೆಯ ಧ್ವಜವಂದನೆಯನ್ನು ಕುರಿತು

ವೀರಶೈವ ಸಿದ್ಧಾಂತದಲ್ಲಿ ಕುರುಹು, ಅರಿವು ಎಂಬೆರಡು ಮಾತುಗಳು ಒಂದರ ಬೆನ್ನಿಗೊಂದು ಬರುತ್ತವೆ. ಅರಿವು ನಿರಾಕಾರವಾದುದು, ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಅದನ್ನು ಸಾಧಕನ ಕೈಗೆ ನಿಲುಕಿಸುವ ಸಲುವಾಗಿ ಶ್ರೀಗುರುವು ಕರುಣಿಸುವ ಗುರುತಿಗೆ ಕುರುಹೆಂದು ಹೆಸರು. ಕರಸ್ಥಲಕ್ಕೆ ಬಂದ ಇಷ್ಟಲಿಂಗವು ಇಂತಹ ಕುರುಹು. ಕುರುಹಿನ ಹಂಗೇ ಬೇಡ, ಅರಿವೊಂದೇ ಸಾಕು ಎಂಬ ಒಣ ವೇದಾಂತಿಗಳ ಮಾತನ್ನು ಶರಣರು ಒಪ್ಪಲಿಲ್ಲ. ಹಾಗೆಯೇ ಕುರುಹನ್ನು ಕೊರಳಿಗೆ ಕಟ್ಟಿಕೊಂಡು ಅರಿವನ್ನು ಮರೆತವನನ್ನು ಕಂಡಾಗ ಅವರ ನುಡಿ ಎಷ್ಟು ಕಠಿಣವಾಗುತ್ತಿತ್ತೆಂಬುದು ವಚನಗಳನ್ನು ಓದಿದವರಿಗೆಲ್ಲ ತಿಳಿದುದೇ ಆಗಿದೆ.

ಈ ಎರಡು ಮಾತುಗಳನ್ನು ಪೂಜಾಗೃಹದಿಂದ ಹೊರಗೆ ತಂದು, ಬೆಳಗಿನ ಗಂಟೆ ಬಾರಿಸಿದೊಡನೆ ಶಾಲೆಯ ಅಂಗಳದಲ್ಲಿ ನಡೆಯುವ ಕಾರ್ಯಕ್ಕೆ ಹಚ್ಚಿ ನೋಡುವುದು ಇಂದು ಅವಶ್ಯವಾಗಿದೆ. ದೇಶವೆಂಬುದೂ ಒಂದು ಬಗೆಯ ನಿರಾಕಾರ ವಸ್ತು. ಬಾಲಕನು ತನ್ನ ಊರನ್ನು ಬಲ್ಲನು, ಹೊಲವನ್ನು ಬಲ್ಲನು, ಹೊಳೆಯನ್ನು ಬಲ್ಲನು. ದೇಶವನ್ನು ಅವನು ಕಂಡವನಲ್ಲ. ಆದುದರಿಂದ ಅವನಿಗೆ ಧ್ವಜವನ್ನು ತೋರಿಸುತ್ತೇವೆ, ರಾಷ್ಟ್ರಗೀತೆಯನ್ನು ಹಾಡಿಸುತ್ತೇವೆ, ಪ್ರತಿಜ್ಞೆಯನ್ನು ಹೇಳಿಸುತ್ತೇವೆ. ೨೦೨೩ರಲ್ಲಿ ಕರ್ನಾಟಕ ಸರಕಾರವು ಸಂವಿಧಾನದ ಪೀಠಿಕೆಯನ್ನೂ ಶಾಲೆಗಳಲ್ಲಿ ಓದಿಸಬೇಕೆಂದು ನಿರ್ಧರಿಸಿತು. ಇವೆಲ್ಲವೂ ಕುರುಹುಗಳು, ಇವುಗಳಲ್ಲಿ ದೋಷವಿಲ್ಲ. ರಾಷ್ಟ್ರಗೀತೆಗೆ ಹಿಡಿಯುವ ಕಾಲ ಸುಮಾರು ೫೨ ಸೆಕೆಂಡು. ಹತ್ತು ವರ್ಷ ಶಾಲೆಗೆ ಹೋದ ಬಾಲಕನು ವರ್ಷಕ್ಕೆ ಇನ್ನೂರು ದಿನವೆಂದರೂ ಎರಡು ಸಾವಿರ ಸಲ ಅದನ್ನು ಹಾಡಿರುತ್ತಾನೆ. ಅದರ ಅರ್ಥವನ್ನು ಎಷ್ಟು ಸಲ ಕೇಳಿದ್ದಾನೆ? ಕೇಳಿದಾಗ ಅವನಿಗೆ ದೊರೆತುದು ಉತ್ತರವೋ, ಬೆತ್ತವೋ?

ಧ್ವಜವನ್ನೇ ತೆಗೆದುಕೊಳ್ಳೋಣ. ಅದರ ಬಣ್ಣ ಮೂರು, ಚಕ್ರದ ಅರಗಳು ೨೪, ೧೯೪೭ರ ಜುಲೈ ೨೨ರಂದು ಸಂವಿಧಾನ ಸಭೆಯು ಅದನ್ನು ಅಂಗೀಕರಿಸಿತು ಎಂಬಷ್ಟನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುವುದುಂಟು. ಆದರೆ ಆ ಬಟ್ಟೆಯನ್ನು ನೇಯ್ದವರು ಯಾರೆಂದು ಕೇಳಿದರೆ ನಮ್ಮ ನಾಡಿನ ಮಕ್ಕಳೇ ಬಾಯಿಬಿಡರು. ಧಾರವಾಡ ಜಿಲ್ಲೆಯ ಗರಗದಲ್ಲಿ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಧ್ವಜದ ಖಾದಿಯನ್ನು ನೇಯ್ದ ಕೈಗಳಿವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಅದಕ್ಕೆ ಬಣ್ಣ ಕಟ್ಟಿ, ಅಳತೆಗೆ ಕತ್ತರಿಸಿ, ಚಕ್ರವನ್ನೊತ್ತಿ ಹೊಲಿಯುತ್ತಾರೆ. ದುಡಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಡಲಾಯಿತು. ಕೈನೂಲಿನ ಬಟ್ಟೆಯೇ ಆಗಬೇಕೆಂದು ಹಿಂದೆ ಏಕೆ ವಿಧಿಸಿದ್ದರು, ಈಗ ಏಕೆ ಬಿಟ್ಟರು, ಅದರಿಂದ ನೇಯುವವರಿಗೆ ಏನಾಯಿತು ಎಂದು ಒಬ್ಬ ಬಾಲಕಿಯು ಕೇಳಿದರೆ, ಅವಳು ಧ್ವಜಕ್ಕೆ ಅಗೌರವ ತೋರಿದಳೆನ್ನಬಹುದೆ? ಕಾಯಕವನ್ನು ಕೊಂಡಾಡುವ ಪರಂಪರೆಯಲ್ಲಿ ಬೆಳೆದ ಉಪಾಧ್ಯಾಯನು ಹಾಗೆನ್ನಲಾರನು. ಸುಮ್ಮನೆ ವಂದಿಸಿದ ನೂರು ಮಕ್ಕಳಿಗಿಂತ ಆ ಬಾಲಕಿಯು ಕುರುಹಿನ ಒಳಹೊಕ್ಕು ನೋಡಿದ್ದಾಳೆ.

ಪ್ರಶ್ನಿಸುವ ಬಾಲಕನಿಂದಲೇ ನಮ್ಮ ಪರಂಪರೆಯ ಕಥೆ ಮೊದಲಾಗುತ್ತದೆಂಬುದನ್ನು ಮರೆಯಬಾರದು. ಬಾಗೇವಾಡಿಯ ಮಾದರಸನ ಮನೆಯಲ್ಲಿ ಎಂಟು ವರ್ಷದ ಬಸವಣ್ಣನಿಗೆ ಉಪನಯನದ ಸಿದ್ಧತೆ ನಡೆದಾಗ, ತಾನು ಶಿವಭಕ್ತನು, ತನಗೆ ಈ ಕರ್ಮವು ಸಲ್ಲದು ಎಂದು ಅವನು ತಂದೆಯೊಡನೆ ವಾದಿಸಿದನೆಂದು ಬಸವಪುರಾಣವು ಹೇಳುತ್ತದೆ. ಹರಿಹರನ ರಗಳೆಯಲ್ಲಿ ಈ ಸಂಗತಿಯ ಕ್ರಮ ಬೇರೆಯಾಗಿದೆ. ಅಲ್ಲಿ ಅವನು ಹಾಕಿಕೊಂಡಿದ್ದ ಜನಿವಾರವನ್ನು ಬಿಸುಟು ಕೂಡಲಸಂಗಮಕ್ಕೆ ಹೊರಡುತ್ತಾನೆ. ಪಾಠಭೇದವು ಹೇಗೇ ಇರಲಿ, ಎರಡು ಕಡೆಯಲ್ಲಿಯೂ ಸಂಗತಿಯ ತಿರುಳೊಂದೇ: ಹಿರಿಯರು, ಕುಲ, ಅಗ್ರಹಾರ ಎಲ್ಲವೂ ಒಪ್ಪಿ ನಡೆಸುತ್ತಿದ್ದ ಒಂದು ಸಂಸ್ಕಾರದ ಮುಂದೆ ಕಿರಿಯನೊಬ್ಬನು ನಿಂತು ಇದೇಕೆ ಎಂದನು. ಈ ಪ್ರಸಂಗವನ್ನು ಬಸವಜಯಂತಿಯ ದಿನ ವೇದಿಕೆಯ ಮೇಲೆ ಬಣ್ಣಿಸಿದವರೇ, ಮರುದಿನ ತರಗತಿಯಲ್ಲಿ ಏಕೆ ಎಂದು ಕೇಳಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು ವಿಚಿತ್ರವೇ ಸರಿ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮನ ಪ್ರಸಂಗವು ಇನ್ನೂ ಸೂಕ್ಷ್ಮವಾದುದು. ಸೊನ್ನಲಿಗೆಯಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದನು, ಗುಡಿಗಳನ್ನೆತ್ತಿಸಿದನು. ಲೋಕಹಿತದ ದುಡಿಮೆ, ಇಂದಿನ ಮಾತಿನಲ್ಲಿ ಅದನ್ನು ದೇಶಸೇವೆ ಎನ್ನುತ್ತಿದ್ದರು. ಅಲ್ಲಮಪ್ರಭುವು ಅಲ್ಲಿಗೆ ಬಂದು, ಮಣ್ಣು ಹೊರುತ್ತಿದ್ದವರ ಮುಂದೆ ನಿಂತು, ಅವರ ಗುರುವನ್ನು ಒಡ್ಡರಾಮನೆಂದು ಕರೆದನು. ಕೇಳಿದವರು ಸಿಡಿದೆದ್ದು ಕಲ್ಲುಗಳನ್ನೆಸೆದರು. ಅವರ ಭಕ್ತಿಯಲ್ಲಿ ಕಪಟವಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ತಾವು ಪೂಜ್ಯವೆಂದು ನಂಬಿದುದನ್ನು ಒಬ್ಬನು ಪ್ರಶ್ನಿಸಿದಾಗ, ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಮೊದಲೇ ಅವರ ಕೈ ಕಲ್ಲಿಗೆ ಹೋಯಿತು. ಸಿದ್ಧರಾಮನೂ ಮೊದಲು ಕೋಪದಿಂದಲೇ ಬಂದನು. ಆದರೆ ಅವನು ನಿಂತು ಕೇಳಿದನು. ಕೇಳಿ, ಅಲ್ಲಮನೊಡನೆ ಕಲ್ಯಾಣಕ್ಕೆ ನಡೆದನು. ಕೆರೆಯು ಒಡೆದುಹೋಗಲಿಲ್ಲ, ಸೊನ್ನಲಿಗೆಯು ಹಾಳಾಗಲಿಲ್ಲ. ಪ್ರಶ್ನೆಯಿಂದ ಆ ಸೇವೆಗೆ ಕೇಡಾಯಿತೆಂದು ಶೂನ್ಯಸಂಪಾದನಾಕಾರರು ಎಲ್ಲಿಯೂ ಹೇಳಿಲ್ಲ. ಕಲ್ಲೆಸೆದವರ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ಇದಕ್ಕೆ ಸಮೀಪವಾದ ಸಂಗತಿಯೊಂದು ನಮ್ಮ ಕಾಲದಲ್ಲಿಯೇ ನೆರೆಯ ಕೇರಳದಲ್ಲಿ ನಡೆಯಿತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಮೂವರು ಒಡಹುಟ್ಟಿದವರು, ತಮ್ಮ ದೇವರನ್ನಲ್ಲದೆ ಬೇರೇನನ್ನೂ ಸ್ತುತಿಸಕೂಡದೆಂಬ ನಂಬಿಕೆಯಿಂದ, ಶಾಲೆಯಲ್ಲಿ ರಾಷ್ಟ್ರಗೀತೆಯ ವೇಳೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಸದ್ದು ಮಾಡಲಿಲ್ಲ, ನಗಲಿಲ್ಲ, ಇತರರನ್ನು ತಡೆಯಲಿಲ್ಲ. ಶಾಸನಸಭೆಯ ಸದಸ್ಯರೊಬ್ಬರು ಇದನ್ನು ದೇಶದ್ರೋಹವೆಂದು ಬಗೆದು ಪ್ರಸ್ತಾಪಿಸಿದರು; ವಿಚಾರಣೆಯಲ್ಲಿ ಮಕ್ಕಳ ನಡತೆ ನಿರ್ದುಷ್ಟವೆಂದು ಕಂಡುಬಂದಿತು; ಆದರೂ ೧೯೮೫ರ ಜುಲೈ ತಿಂಗಳಿನಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ರಾಜ್ಯದ ಉಚ್ಚ ನ್ಯಾಯಾಲಯವು ಅವರ ಮೊರೆಯನ್ನು ತಳ್ಳಿಹಾಕಿತು. ೧೯೮೬ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಪೀಠವು, ಹಾಡಲೇಬೇಕೆಂಬ ಕಾನೂನು ಎಲ್ಲಿಯೂ ಇಲ್ಲವೆಂದೂ, ಗೌರವದಿಂದ ಎದ್ದು ನಿಂತವರು ಅಗೌರವ ಮಾಡಿದಂತಾಗದೆಂದೂ ಹೇಳಿ, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಅಮೇರಿಕಾ ದೇಶದಲ್ಲಿಯೂ ಇದೇ ಪಂಗಡದ ಮಕ್ಕಳ ಧ್ವಜವಂದನೆಯ ವಿಷಯದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೪೦ರಲ್ಲಿ ಶಾಲೆಗಳ ಪರವಾಗಿ ತೀರ್ಪಿತ್ತು, ಮೂರೇ ವರ್ಷಗಳಲ್ಲಿ, ೧೯೪೩ರ ಜೂನ್ ೧೪ರಂದು, ತನ್ನ ತೀರ್ಪನ್ನು ತಾನೇ ತಿರುಗಿಸಿತು. ಮಹಾಯುದ್ಧದ ನಡುವೆ, ತಮ್ಮ ತರುಣರು ರಣರಂಗದಲ್ಲಿ ಸಾಯುತ್ತಿದ್ದ ಕಾಲದಲ್ಲಿ, ಆ ನ್ಯಾಯಾಧೀಶರು ಹೀಗೆ ಹೇಳುವ ಧೈರ್ಯ ತೋರಿದರು.

ಆ ಪಂಗಡದ ನಂಬಿಕೆಯನ್ನು ನಾವು ಒಪ್ಪಬೇಕಾಗಿಲ್ಲ. ರಾಷ್ಟ್ರಗೀತೆಯನ್ನು ಹಾಡುವುದರಿಂದ ಯಾವ ದೇವರಿಗೂ ಕುಂದಿಲ್ಲವೆಂದೇ ನಮ್ಮವರು ತಿಳಿಯುತ್ತಾರೆ, ಅದು ಸರಿಯಾಗಿಯೂ ಇದೆ. ವಿಚಾರಿಸಬೇಕಾದುದು ಬೇರೆ. ಸಾವಿರ ಮಕ್ಕಳು ಹಾಡುತ್ತಿರುವಾಗ ಮೂವರು ಸುಮ್ಮನೆ ನಿಂತರೆ ಆ ಹಾಡು ಕೆಡುವುದೇ? ಕೆಡುವುದೆಂದು ಹೆದರಿದವರಿಗೆ ಸಾವಿರ ಮಕ್ಕಳ ಹಾಡಿನಲ್ಲಿ ನಂಬಿಕೆ ಸಾಲದು.

ಹೀಗೆಂದೊಡನೆ ಒಂದು ಆಕ್ಷೇಪ ಬರುವುದುಂಟು: ಎಳೆಯ ಮಕ್ಕಳಿಗೆ ವಿಚಾರಶಕ್ತಿ ಎಲ್ಲಿಯದು? ಮೊದಲು ಶಿಸ್ತು ಬರಲಿ, ವಿಚಾರವು ತಾನಾಗಿ ಹಿಂದೆ ಬರುತ್ತದೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಮರಳಿನ ಮೇಲೆ ಬೆರಳಿಟ್ಟು ತೀಡುವಾಗ ಮಗುವಿಗೆ ಅಕ್ಷರದ ಮರ್ಮ ತಿಳಿದಿರುವುದಿಲ್ಲ. ಕೈ ಮೊದಲು ಕಲಿಯುತ್ತದೆ. ಆದರೆ ಹತ್ತನೆಯ ತರಗತಿಗೆ ಬಂದರೂ ಮರಳು ತೀಡುತ್ತಲೇ ಇರುವ ಶಾಲೆಯನ್ನು ಶಾಲೆಯೆನ್ನುವವರಿಲ್ಲ. ವಿಚಾರವು ತಾನಾಗಿ ಬರುವುದಿಲ್ಲ, ಅದನ್ನೂ ಕಲಿಸಬೇಕು. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳ ಪಟ್ಟಿಯನ್ನು ತೆರೆದು ನೋಡಿದರೆ, ಧ್ವಜ ಹಾಗೂ ರಾಷ್ಟ್ರಗೀತೆಗಳನ್ನು ಗೌರವಿಸಬೇಕೆಂಬುದು ಮೊದಲಿನಲ್ಲಿದೆ. ಅದೇ ಪಟ್ಟಿಯಲ್ಲಿ ಕೆಳಗೆ, ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ತಿಳಿಯುವ ಬುದ್ಧಿಯನ್ನೂ ಬೆಳೆಸಿಕೊಳ್ಳಬೇಕೆಂಬುದೂ ಇದೆ. ಮೊದಲನೆಯದನ್ನು ಗೋಡೆಯ ಮೇಲೆ ಬರೆಸಿ ಎರಡನೆಯದನ್ನು ಮರೆತ ಶಾಲೆಗಳು ಬಹಳ. ಪೀಠಿಕೆಯೂ ಹಾಗೆಯೇ, ವಿಚಾರಸ್ವಾತಂತ್ರ್ಯವೆಂಬುದು ಅದರಲ್ಲಿಯೇ ಇರುವ ಮಾತು. ಅದನ್ನು ಬೆತ್ತದ ನೆರಳಿನಲ್ಲಿ ಒಕ್ಕೊರಲಿನಿಂದ ಓದಿಸುವಾಗ ಓದಿಸುವವರಿಗೇ ನಗು ಬರಬೇಕು.

ಇದು ಸರಕಾರದ ಶಾಲೆಗಳನ್ನು ಮಾತ್ರ ಕುರಿತದ್ದೆಂದು ತಿಳಿಯಬಾರದು. ಮಠಗಳ ಪ್ರಸಾದನಿಲಯಗಳಲ್ಲಿ ನಸುಕಿನಲ್ಲೆದ್ದು, ವಿಭೂತಿ ಧರಿಸಿ, ಸಾಲಾಗಿ ಕುಳಿತು ಲಿಂಗಪೂಜೆ ಮಾಡುವ ನೂರಾರು ಹುಡುಗರನ್ನು ಕಂಡು ಸಂತೋಷಪಡದ ವೀರಶೈವನಿಲ್ಲ. ಆದರೆ ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನೇಕೆ ನಿಲ್ಲಿಸಬೇಕೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿಸಿದ್ದೇವೆ? ಪೂಜೆ ತಪ್ಪಿದರೆ ಪ್ರಸಾದ ತಪ್ಪೀತೆಂಬ ಭಯವೊಂದರಿಂದಲೇ ಕೂತವನ ಪೂಜೆಗೂ, ದಂಡದ ಭಯದಿಂದ ಹಾಡಿದವನ ದೇಶಭಕ್ತಿಗೂ ಯಾವ ಅಂತರವೂ ಕಾಣದು. ನಿಲಯ ಬಿಟ್ಟ ದಿನವೇ ಪೂಜೆಯನ್ನೂ ಬಿಟ್ಟ ವಿದ್ಯಾರ್ಥಿಗಳು ಇರುವುದಕ್ಕೆ ಕಾರಣವನ್ನು ಕಾಲದ ದೋಷದಲ್ಲಿ ಹುಡುಕುವುದು ಸುಲಭ.

ಮಾಡಬೇಕಾದುದು ದೊಡ್ಡ ಕಾರ್ಯವೇನೂ ಅಲ್ಲ. ವಾರಕ್ಕೊಂದು ದಿನ, ರಾಷ್ಟ್ರಗೀತೆ ಮುಗಿದ ಮೇಲೆ, ಹತ್ತು ನಿಮಿಷ ಮಕ್ಕಳ ಪ್ರಶ್ನೆಗೆಂದು ಮೀಸಲಿಡಬಹುದು. ಕೇಳಬಾರದ ಪ್ರಶ್ನೆಗಳೂ ಬರುತ್ತವೆ, ಬರಲಿ. ರವೀಂದ್ರರ ಈ ಗೀತೆಯು ಬ್ರಿಟಿಷ್ ಚಕ್ರವರ್ತಿಯನ್ನು ಹೊಗಳಿ ಬರೆದುದಂತೆ, ನಿಜವೇ ಎಂದು ದೊಡ್ಡ ತರಗತಿಯ ಹುಡುಗನೊಬ್ಬನು ಕೇಳಿಯೇ ಕೇಳುತ್ತಾನೆ. ಬಾಯಿ ಮುಚ್ಚು ಎಂದರೆ ಅವನು ನಿಜವೆಂದೇ ತಿಳಿಯುತ್ತಾನೆ. ಬದಲು, ಅದನ್ನು ೧೯೧೧ರ ಡಿಸೆಂಬರ್ ೨೭ರಂದು ಕಲಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊದಲು ಹಾಡಿದರೆಂದೂ, ಆ ತಿಂಗಳಲ್ಲಿ ಐದನೆಯ ಜಾರ್ಜನು ಭಾರತಕ್ಕೆ ಬಂದಿದ್ದನಾದ್ದರಿಂದ ಕೆಲವು ಪತ್ರಿಕೆಗಳ ವರದಿಯಲ್ಲಿ ಗೊಂದಲವಾಯಿತೆಂದೂ, ರವೀಂದ್ರರೇ ೧೯೩೭ರಲ್ಲಿ ಒಂದು ಪತ್ರದಲ್ಲಿ ಆ ಮಾತನ್ನು ಅಲ್ಲಗಳೆದರೆಂದೂ ವಿವರಿಸಿದರೆ, ಅವನು ಮರುದಿನ ಹಾಡುವ ಹಾಡೇ ಬೇರೆಯಾಗುತ್ತದೆ. ಉತ್ತರ ತಿಳಿಯದಿದ್ದರೆ ನಾಳೆ ನೋಡಿಕೊಂಡು ಬಂದು ಹೇಳುವೆನೆನ್ನುವುದರಲ್ಲಿ ಗುರುಸ್ಥಾನಕ್ಕೆ ಕುಂದಿಲ್ಲ. ಇನ್ನು ನಾಲ್ಕು ಜನರ ಕಣ್ಣಿಗೆ ಬೀಳಲೆಂದು ಎಲ್ಲಕ್ಕೂ ಅಡ್ಡ ನುಡಿಯುವ ಹುಡುಗರೂ ಇರುತ್ತಾರೆ. ಅದು ಸ್ವತಂತ್ರ ವಿಚಾರವಲ್ಲ, ಇನ್ನೊಂದು ಬಗೆಯ ಡಂಭಾಚಾರ. ಇದಕ್ಕೂ ಮದ್ದು ಮರುಪ್ರಶ್ನೆಯೇ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಪ್ರಭುವು ಅವಳನ್ನು ಪ್ರಶ್ನೆಗಳಿಂದಲೇ ಪರೀಕ್ಷಿಸಿದನು.

ಪ್ರಶ್ನೆಗಳಲ್ಲಿ ಅತ್ಯಂತ ಕಠಿಣವಾದುದು ಪ್ರತಿಜ್ಞೆಯಿಂದ ಬರುತ್ತದೆ. ದೇಶದವರೆಲ್ಲ ತನಗೆ ಒಡಹುಟ್ಟಿದವರೆಂದು ಬೆಳಿಗ್ಗೆ ಕೈ ಮುಂದೆ ಚಾಚಿ ಹೇಳಿದ ಬಾಲಕನು, ಮಧ್ಯಾಹ್ನ ಬಿಸಿಯೂಟದ ಪಂಕ್ತಿಯಲ್ಲಿ ಒಬ್ಬ ಸಹಪಾಠಿಯನ್ನು ಬಿಟ್ಟು ದೂರ ಕುಳಿತರೆ, ಅಥವಾ ಇಂತಹವಳು ಬೇಯಿಸಿದ ಅನ್ನವೆಂದು ಮನೆಯವರು ಅವನ ತಟ್ಟೆಯನ್ನು ಕಸಿದುಕೊಂಡರೆ, ಬೆಳಗಿನ ನುಡಿಗೂ ಮಧ್ಯಾಹ್ನದ ನಡೆಗೂ ಸಂಬಂಧವೇನೆಂದು ಕೇಳುವ ಹಕ್ಕು ಆ ಸಹಪಾಠಿಗೆ ಇದೆ. ಪ್ರತಿಜ್ಞೆಯನ್ನು ಅತ್ಯಂತ ಗೌರವದಿಂದ ಸ್ವೀಕರಿಸಿದವನು ಅವನೊಬ್ಬನೇ.

ಈ ಪ್ರತಿಜ್ಞೆಯನ್ನು ಬರೆದವರು ತೆಲುಗು ನಾಡಿನ ನಲ್ಲಗೊಂಡ ಜಿಲ್ಲೆಯವರಾದ ಪೈಡಿಮರ್ರಿ ವೆಂಕಟ ಸುಬ್ಬರಾವ್ ಎಂಬವರು. ೧೯೬೨ರಲ್ಲಿ ವಿಶಾಖಪಟ್ಟಣದಲ್ಲಿ ಖಜಾನೆಯ ಅಧಿಕಾರಿಯಾಗಿದ್ದಾಗ ಅದನ್ನು ತೆಲುಗಿನಲ್ಲಿ ರಚಿಸಿದರು. ೧೯೬೪ರಲ್ಲಿ ನಮ್ಮ ಬೆಂಗಳೂರಿನಲ್ಲಿ ಎಂ. ಸಿ. ಛಾಗ್ಲಾ ಅವರ ಅಧ್ಯಕ್ಷತೆಯಲ್ಲಿ ಕೂಡಿದ ಕೇಂದ್ರ ಶಿಕ್ಷಣ ಸಲಹಾ ಮಂಡಲಿಯು ಅದನ್ನು ಶಾಲೆಗಳಲ್ಲಿ ಹೇಳಿಸಬೇಕೆಂದು ಗೊತ್ತುಪಡಿಸಿತು. ೧೯೬೫ರ ಜನವರಿ ೨೬ರಿಂದ ಅದು ಜಾರಿಗೆ ಬಂದಿತು. ತಾವು ಬರೆದುದು ದೇಶದ ಮಕ್ಕಳೆಲ್ಲರ ನಾಲಗೆಯ ಮೇಲೆ ನಿಂತಿದೆಯೆಂಬ ಸಂಗತಿಯು ಸುಬ್ಬರಾಯರಿಗೇ ಬಹುಕಾಲ ತಿಳಿದಿರಲಿಲ್ಲವಂತೆ. ಒಂದು ದಿನ ಮೊಮ್ಮಗಳು ಮನೆಯಲ್ಲಿ ಕುಳಿತು ತನ್ನ ಪಾಠಪುಸ್ತಕದ ಮೊದಲ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಅಜ್ಜನು ಅದನ್ನು ಕೇಳಿ, ಎದ್ದು ಬಂದು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ನೋಡಿದರೆಂದು ಹೇಳುತ್ತಾರೆ.