ಹೊಸ ರೂಟರ್ ತಂದರೆ ಅಂತರಜಾಲ ವೇಗವಾಗುವುದೇ?



ಶಾಲೆಯಲ್ಲೋ, ಮನೆಯಲ್ಲೋ, ಗ್ರಾಮ ಪಂಚಾಯಿತಿ ಕಚೇರಿಯಲ್ಲೋ ಕೊಂಬಿನಂತಹ ಆಂಟೆನಾಗಳಿರುವ, ಪುಟ್ಟ ದೀಪಗಳು ಮಿನುಗುವ ಒಂದು ಪೆಟ್ಟಿಗೆಯನ್ನು ನೀವು ನೋಡಿರಬಹುದು. ಅದೇ ರೂಟರ್. ತಂತಿಯ ಮೂಲಕ ಬಂದ ಅಂತರಜಾಲ ಸಂಪರ್ಕವನ್ನು ಅದು ವೈ-ಫೈ ರೇಡಿಯೋ ತರಂಗಗಳ ಮೂಲಕ ಫೋನು, ಕಂಪ್ಯೂಟರುಗಳಿಗೆ ಹಂಚುತ್ತದೆ.

ಪಾಠದ ವಿಡಿಯೋ ನಡುನಡುವೆ ನಿಂತುಬಿಟ್ಟರೆ ದೊಡ್ಡವರು, "ರೂಟರ್ ಹಳೆಯದಾಯಿತು, ಹೊಸದು ತರಬೇಕು" ಎನ್ನುವುದುಂಟು. ಹಣ ಕೊಟ್ಟು ಹೊಸದು ತಂದರೆ ವೇಗ ಹೆಚ್ಚುವುದೇ? ಕೆಲವೊಮ್ಮೆ ಹೌದು, ಕೆಲವೊಮ್ಮೆ ಒಂದಿಷ್ಟೂ ಇಲ್ಲ. ಯಾವಾಗ ಹೌದು, ಯಾವಾಗ ಇಲ್ಲ ಎಂಬುದನ್ನು ಅಳೆದು ತಿಳಿಯಬಹುದು. ಹೇಗೆಂದು ನೋಡೋಣ.

ವೇಗ ಎಂದರೇನು?

ಕಂಪ್ಯೂಟರಿನ ಭಾಷೆಯಲ್ಲಿ ಎಲ್ಲ ಮಾಹಿತಿಯೂ 0 ಮತ್ತು 1 ಎಂಬ ಅಂಕಿಗಳಲ್ಲಿರುತ್ತದೆ. ಅಂತಹ ಒಂದು ಅಂಕಿಯೇ ಒಂದು ಬಿಟ್. ಹತ್ತು ಲಕ್ಷ ಬಿಟ್ ಸೇರಿದರೆ 1 ಮೆಗಾಬಿಟ್. ಒಂದು ಸೆಕೆಂಡಿನಲ್ಲಿ ಎಷ್ಟು ಮೆಗಾಬಿಟ್ ಬರುತ್ತದೆ ಎಂಬುದೇ ಸಂಪರ್ಕದ ವೇಗ. 2004ರಲ್ಲಿ ನಮ್ಮ ದೇಶದ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟವಾದಾಗ ಸೆಕೆಂಡಿಗೆ 256 ಕಿಲೋಬಿಟ್, ಅಂದರೆ 1 ಮೆಗಾಬಿಟ್‌ನ ಸುಮಾರು ಕಾಲು ಭಾಗ ಬಂದರೂ ಅದನ್ನು ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. ಈಗ ಆಪ್ಟಿಕಲ್ ಫೈಬರ್ ಮೂಲಕ ಮನೆಗಳಿಗೆ 40, 100 ಮೆಗಾಬಿಟ್ ಸಂಪರ್ಕಗಳು ಬರುತ್ತಿವೆ.

ಬಿಟ್ ಬೇರೆ, ಬೈಟ್ ಬೇರೆ ಎಂಬುದು ನೆನಪಿರಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಮೆಗಾಬೈಟ್ ಗಾತ್ರದ ವಿಡಿಯೋವನ್ನು 100 ಮೆಗಾಬಿಟ್ ಸಂಪರ್ಕದಲ್ಲಿ ಇಳಿಸಿಕೊಳ್ಳಲು ಕನಿಷ್ಠ 8 ಸೆಕೆಂಡು ಬೇಕು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಖಾಲಿ ಪ್ಲಾಸ್ಟಿಕ್ ಬಾಟಲಿ, ಸಣ್ಣ, ಮಧ್ಯಮ, ದೊಡ್ಡ ರಂಧ್ರ ಮಾಡಿದ ಮೂರು ಮುಚ್ಚಳ, ಅಳತೆಯ ಪಾತ್ರೆ, ಗಡಿಯಾರ. ಬಾಟಲಿಗಳ ತಳ ಕತ್ತರಿಸಲು, ಮುಚ್ಚಳಕ್ಕೆ ರಂಧ್ರ ಮಾಡಲು ಶಿಕ್ಷಕರ ನೆರವು ಪಡೆಯಿರಿ.

ಬಾಟಲಿಗಳನ್ನು ತಲೆಕೆಳಗಾಗಿ, ಒಂದರ ಮೇಲೊಂದು ಹಿಡಿಯಿರಿ. ಮೇಲಿನದಕ್ಕೆ ಸಣ್ಣ ರಂಧ್ರದ ಮುಚ್ಚಳ, ಕೆಳಗಿನದಕ್ಕೆ ಮಧ್ಯಮ ರಂಧ್ರದ ಮುಚ್ಚಳ ಹಾಕಿ. ಮೇಲಿನ ಬಾಟಲಿ ಸದಾ ತುಂಬಿರುವಂತೆ ನೀರು ಹಾಕುತ್ತಿರಿ. ಧಾರೆ ಒಂದೇ ಸಮನಾದ ಮೇಲೆ, ಕೆಳಗೆ ಒಂದು ನಿಮಿಷದಲ್ಲಿ ಬಿದ್ದ ನೀರನ್ನು ಅಳೆಯಿರಿ. ಈಗ ಕೆಳಗಿನ ಮುಚ್ಚಳ ತೆಗೆದು ದೊಡ್ಡ ರಂಧ್ರದ್ದನ್ನು ಹಾಕಿ ಮತ್ತೆ ಅಳೆಯಿರಿ. ನೀರು ಹೆಚ್ಚಾಯಿತೇ? ಇಲ್ಲ!

ಮುಂದೆ ಮುಚ್ಚಳಗಳನ್ನು ಅದಲುಬದಲು ಮಾಡಿ. ಮೇಲೆ ದೊಡ್ಡ ರಂಧ್ರ, ಕೆಳಗೆ ಸಣ್ಣ ರಂಧ್ರ. ಕೆಳಗಿನ ಬಾಟಲಿಯಲ್ಲಿ ನೀರು ಏರುತ್ತಾ ನಿಲ್ಲುವುದನ್ನು ಗಮನಿಸಿ. ಈಗ ಕೆಳಗೆ ಮಧ್ಯಮ ರಂಧ್ರದ ಮುಚ್ಚಳ ಹಾಕಿದರೆ ಹೆಚ್ಚು ನೀರು ಬರುತ್ತದೆ.

ಮೇಲಿನ ಬಾಟಲಿಯನ್ನು ಮನೆಗೆ ಬರುವ ಲೈನ್ ಎಂದೂ, ಕೆಳಗಿನದನ್ನು ರೂಟರ್ ಎಂದೂ ಭಾವಿಸಿ. ದಾರಿಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗವೇ ವೇಗವನ್ನು ನಿರ್ಧರಿಸುತ್ತದೆ. ಇಕ್ಕಟ್ಟು ಲೈನಿನಲ್ಲಿದ್ದರೆ ಎಂತಹ ದುಬಾರಿ ರೂಟರ್ ತಂದರೂ ಪ್ರಯೋಜನವಿಲ್ಲ. ಇಕ್ಕಟ್ಟು ರೂಟರಿನಲ್ಲಿದ್ದರೆ ಮಾತ್ರ ಹೊಸದರಿಂದ ಲಾಭ.

ಪೆಟ್ಟಿಗೆಯ ಮೇಲಿನ ಸಂಖ್ಯೆ

ಅಂಗಡಿಯಲ್ಲಿ ರೂಟರಿನ ಪೆಟ್ಟಿಗೆಯ ಮೇಲೆ 300, 1200 ಎಂಬ ದೊಡ್ಡ ಸಂಖ್ಯೆಗಳಿರುತ್ತವೆ. ಅವು ಗಾಳಿಯಲ್ಲಿ ಸಾಗುವ ಸಂಕೇತದ ಗರಿಷ್ಠ ದರಗಳು. "ಬಂತು, ಬಂತು" ಎಂದು ಫೋನ್ ತಿಳಿಸುವ ಸಂದೇಶಗಳಿಗೆ, ಸರದಿ ಕಾಯುವುದಕ್ಕೆ ಸಮಯ ಹಿಡಿಯುವುದರಿಂದ ನಮ್ಮ ಕೈಗೆ ಸಿಗುವುದು ಅದರ ಅರ್ಧದಷ್ಟೇ ಇರಬಹುದು.

ಇನ್ನೊಂದು ವಿಷಯವನ್ನೂ ಗಮನಿಸಿ. 300 ಎಂದು ಬರೆದಿರುವ ಅನೇಕ ಅಗ್ಗದ ರೂಟರುಗಳಲ್ಲಿ ಲೈನ್ ಸಿಕ್ಕಿಸುವ ಕಿಂಡಿಯ ಮಿತಿಯೇ 100 ಮೆಗಾಬಿಟ್! 200 ಮೆಗಾಬಿಟ್ ಸಂಪರ್ಕ ಪಡೆದವರು ಇಂತಹ ರೂಟರ್ ಇಟ್ಟುಕೊಂಡರೆ ಅರ್ಧದಷ್ಟು ವೇಗ ಬಾಗಿಲಲ್ಲೇ ನಿಂತುಬಿಡುತ್ತದೆ. 1200 ಎಂಬುದಾದರೋ ಸಾಮಾನ್ಯವಾಗಿ 300 ಮತ್ತು 867ನ್ನು ಕೂಡಿಸಿ, ದುಂಡಾಗಿಸಿ ಬರೆದ ಸಂಖ್ಯೆ. ಅದು ಎರಡು ಬೇರೆ ಬೇರೆ ಆವೃತ್ತಿಗಳ ದರಗಳ ಮೊತ್ತ. ನಿಮ್ಮ ಫೋನ್ ಒಂದು ಸಲಕ್ಕೆ ಸಾಮಾನ್ಯವಾಗಿ ಅವುಗಳಲ್ಲಿ ಒಂದನ್ನು ಮಾತ್ರ ಬಳಸುತ್ತದೆ.

ಎರಡು ಬಗೆಯ ತರಂಗಗಳು

ಆ ಎರಡು ಆವೃತ್ತಿಗಳೆಂದರೆ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ತರಂಗದೂರ ಸುಮಾರು 12.5 ಸೆಂಟಿಮೀಟರ್, ಎರಡನೆಯದರದು ಸುಮಾರು 6 ಸೆಂಟಿಮೀಟರ್. 2.4ರ ತರಂಗಗಳು ಗೋಡೆ ದಾಟಿ ದೂರ ಹೋಗುವುದರಲ್ಲಿ ಮೇಲು. ಆದರೆ ಅಲ್ಲಿ ಜಾಗ ಕಡಿಮೆ. ಅಕ್ಕಪಕ್ಕದ ಮನೆಗಳ ರೂಟರುಗಳೂ ಅಲ್ಲೇ ನುಗ್ಗುತ್ತವೆ. 5ರಲ್ಲಿ ಜಾಗ ಹೆಚ್ಚು, ವೇಗ ಹೆಚ್ಚು. ಆದರೆ ಗೋಡೆ ಅಡ್ಡ ಬಂದರೆ ಬೇಗ ದುರ್ಬಲವಾಗುತ್ತದೆ.

ದಪ್ಪ ಕಲ್ಲಿನ ಗೋಡೆ ಮತ್ತು ನೀರಿನ ಟ್ಯಾಂಕು ತರಂಗಗಳನ್ನು ಹೀರಿಕೊಳ್ಳುತ್ತವೆ. ಕಬ್ಬಿಣದ ಬೀರು, ತಗಡಿನ ಹಾಳೆಗಳು ಅವನ್ನು ಪ್ರತಿಫಲಿಸುತ್ತವೆ. ಬಯಲಿನಲ್ಲೂ ದೂರ ಎರಡು ಪಟ್ಟಾದರೆ ಸಂಕೇತದ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ರೂಟರನ್ನು ಮೂಲೆಯಲ್ಲಿ, ಬೀರುವಿನ ಹಿಂದೆ ಇಡಬಾರದು. ಮನೆಯ ನಡುವೆ, ಎತ್ತರದ ಜಾಗದಲ್ಲಿ ಇಡಬೇಕು. ಇದಕ್ಕೆ ಹೆಚ್ಚಿನ ಖರ್ಚಿಲ್ಲ!

ಸರದಿಯ ಸಾಲು

ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದರೆ ಏನೂ ಕೇಳಿಸದು. ಹಳೆಯ ರೂಟರುಗಳೂ ಅಷ್ಟೇ, ಒಂದು ಸಲಕ್ಕೆ ಒಂದು ಸಾಧನದೊಡನೆ ಮಾತ್ರ ಮಾತನಾಡುತ್ತವೆ. ದೂರದಲ್ಲಿರುವ ಫೋನಿಗೆ ನಿಧಾನವಾಗಿ ಹೇಳಬೇಕಾದ್ದರಿಂದ ಅದು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಹತ್ತಿರದ ಫೋನೂ ಕಾಯಬೇಕಾಗುತ್ತದೆ. ವೈ-ಫೈ 6 ಎಂಬ ಹೊಸ ಬಗೆಯ ರೂಟರುಗಳು ಒಂದೇ ಕ್ಷಣದಲ್ಲಿ ಹಲವು ಸಾಧನಗಳಿಗೆ ಜಾಗ ಹಂಚಬಲ್ಲವು. ಆದರೆ ಫೋನುಗಳೂ ಅದೇ ಬಗೆಯವಾಗಿದ್ದರೆ ಮಾತ್ರ ಇದರ ಪೂರ್ಣ ಲಾಭ ಸಿಗುತ್ತದೆ.

ಅಳೆದು ನಿರ್ಧರಿಸಿ

ಹಿರಿಯರ ಅನುಮತಿ ಪಡೆದು, ವೇಗ ಅಳೆಯುವ ಆ್ಯಪ್ ಬಳಸಿ. ಆ ಹೊತ್ತಿನಲ್ಲಿ ಬೇರೆ ಯಾರೂ ಅಂತರಜಾಲ ಬಳಸದಿರಲಿ. ಫೋನಿನ ಮೊಬೈಲ್ ಡೇಟಾ ನಿಲ್ಲಿಸಿರಿ. ಪ್ರತಿ ಜಾಗದಲ್ಲೂ ಮೂರು ಸಲ ಅಳೆದು ಸರಾಸರಿ ಬರೆಯಿರಿ.

1. ಸಾಧ್ಯವಾದರೆ ಕಂಪ್ಯೂಟರನ್ನು ತಂತಿಯಿಂದಲೇ ರೂಟರಿಗೆ ಜೋಡಿಸಿ.
2. ರೂಟರಿನಿಂದ ಎರಡು ಮೀಟರ್ ದೂರದಲ್ಲಿ ಫೋನ್ ಹಿಡಿದು.
3. ಗೋಡೆಯ ಆಚೆ, ಬೇರೆ ಕೋಣೆಯಲ್ಲಿ.

ತಂತಿಯಲ್ಲೇ ವೇಗ ಕಡಿಮೆಯಿದ್ದರೆ ಕಿಂಡಿಯ ಮಿತಿ ನೋಡಿ. ಮಿತಿ ಸರಿಯಿದ್ದರೆ ಸಂಪರ್ಕ ಕೊಟ್ಟವರಿಗೆ ದೂರು ಕೊಡಿಸಿ. ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಮಾತ್ರ ಕಡಿಮೆಯಾದರೆ ಮೊದಲು ರೂಟರಿನ ಜಾಗ ಬದಲಿಸಿ. ತಂತಿಯಲ್ಲಿ ಚೆನ್ನಾಗಿದ್ದು, ಹತ್ತಿರದ ಫೋನಿನಲ್ಲೂ ಕಡಿಮೆ ಬಂದರೆ ಇನ್ನೊಂದು ಹೊಸ ಫೋನಿನಲ್ಲಿ ಅಳೆಯಿರಿ. ಅದರಲ್ಲೂ ಕಡಿಮೆಯೇ ಬಂದರೆ, ಆಗ ಹೊಸ ರೂಟರಿನ ಮಾತನ್ನು ಎತ್ತಬಹುದು.

ಯೋಚಿಸಿ ಉತ್ತರಿಸಿ

1. ಒಂದು ಮನೆಗೆ 40 ಮೆಗಾಬಿಟ್ ಸಂಪರ್ಕವಿದೆ. ತಂತಿಯಲ್ಲಿ 39, ರೂಟರಿನ ಹತ್ತಿರ 37, ಅಡುಗೆಮನೆಯಲ್ಲಿ 6 ಮೆಗಾಬಿಟ್ ಬಂತು. ಇಕ್ಕಟ್ಟು ಎಲ್ಲಿದೆ? ನೀವು ಯಾವ ಸಲಹೆ ಕೊಡುತ್ತೀರಿ?
2. ಅದೇ ಮನೆಯವರು 1200 ಎಂದು ಬರೆದಿರುವ ರೂಟರ್ ತಂದರೆ ತಂತಿಯ ಮೂಲಕ ಬರುವ ವೇಗ ಎಷ್ಟಾಗಬಹುದು? ಏಕೆ?
3. ನಿಮ್ಮ ಶಾಲೆಯಲ್ಲಿ ರೂಟರ್ ಇದ್ದರೆ ಕಟ್ಟಡದ ನಕ್ಷೆ ಬರೆದು, ಪ್ರತಿ ಕೋಣೆಯ ವೇಗ ಗುರುತಿಸಿ. ಅದನ್ನು ಎಲ್ಲಿಟ್ಟರೆ ಹೆಚ್ಚು ಕೋಣೆಗಳಿಗೆ ಅನುಕೂಲ ಎಂದು ಗುಂಪಿನಲ್ಲಿ ಚರ್ಚಿಸಿ, ಮುಖ್ಯ ಶಿಕ್ಷಕರಿಗೆ ತಿಳಿಸಿ.