ಸಾಲಕ್ಕಿಂತ ಮೊದಲು ಲೆಕ್ಕ

ಓದಿರಿ

ಹಾನಗಲ್ಲಿನಲ್ಲಿ ಭತ್ತ, ಮಾವು ಬೆಳೆಯುತ್ತಾರೆ. ಹಿರೇಕೆರೂರಿನಲ್ಲಿ ಗೋವಿನಜೋಳ, ಹತ್ತಿ. ಸವಣೂರಿನ ವೀಳ್ಯದೆಲೆಗೂ ಖಾರಕ್ಕೂ ಹೆಸರಿದೆ. ಶಿಗ್ಗಾಂವಿ ಹೆದ್ದಾರಿಯ ಊರು. ಅಲ್ಲಿ ಖಾನಾವಳಿಗಳಿವೆ. ರೊಟ್ಟಿಗೆ ಗಿರಾಕಿ ಇದೆ. ಎಲ್ಲ ಕಡೆ ಕೆಲಸ ಬಲ್ಲವರಿದ್ದಾರೆ. ಆದರೆ ಬಂಡವಾಳ ಇಲ್ಲ. ಅದಕ್ಕೆ ಸಾಲ ಬೇಕು.

ಅಕ್ಕ-ತಂಗಿ ಇಬ್ಬರು ರೊಟ್ಟಿ ಮಾಡಿ ಮಾರಬೇಕು ಎಂದುಕೊಂಡರು ಎಂದು ತಿಳಿಯೋಣ. ಅಕ್ಕ ಬ್ಯಾಂಕಿಗೆ ಹೋದಳು.

"ಸಾಹೇಬ್ರ, ಸಾಲ ಬೇಕಾಗಿತ್ರಿ."
"ಎಷ್ಟು ಬೇಕ್ರಿ ಅಕ್ಕಾರ?"
"ನೀವು ಎಷ್ಟ್ ಕೊಡ್ತೀರಿ ಅಷ್ಟ ಕೊಡ್ರಿ."
"ಹ್ಯಾಂಗ ತೀರಸ್ತೀರಿ?"
"ಹ್ಯಾಂಗರ ಮಾಡಿ ತೀರಸ್ತೇವ್ರಿ."

ಈ ಮಾತು ನಂಬಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಬೇರೆ ಯಾರಾದರೂ ಕೊಟ್ಟರೆ ಇನ್ನೂ ಕಷ್ಟ. "ಹ್ಯಾಂಗರ ಮಾಡಿ" ಎಂದರೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಕೊನೆಗೆ ತಾಳಿಯೂ ಅಡವು.

ಬ್ಯಾಂಕಿನವರು ಮೂರು ಮಾತು ಕೇಳುತ್ತಾರೆ. ಹಣ ಯಾತಕ್ಕೆ? ಎಷ್ಟು ಉಳಿಯುತ್ತದೆ? ಹೇಗೆ ತೀರಿಸುತ್ತೀರಿ? ಇವುಗಳ ಉತ್ತರ ಬರೆದ ಹಾಳೆಯೇ ಯೋಜನಾ ವರದಿ. ತಂಗಿ ಪಾಟಿ ಬಳಪ ಹಿಡಿದಳು. ಹೀಗೆ ಬರೆದಳು:

1. ಹಣ ಯಾತಕ್ಕೆ?
ಒಲೆ, ಹಂಚು, ಪಾತ್ರೆ – 15,000 ರೂ.
ಜೋಳ 5 ಚೀಲ – 20,000 ರೂ.
ಉದ್ರಿ ಬರುವ ತನಕ ಕೈಖರ್ಚು – 10,000 ರೂ.
ಒಟ್ಟು – 45,000 ರೂ.
ನಮ್ಮ ಹಣ – 5,000 ರೂ.
ಬೇಕಾದ ಸಾಲ – 40,000 ರೂ.

2. ದಿನಕ್ಕೆ ಎಷ್ಟು ಉಳಿಯುತ್ತದೆ?
ರೊಟ್ಟಿ 300, ಒಂದಕ್ಕೆ 6 ರೂ. – 1,800 ರೂ.
ಜೋಳ 20 ಕಿಲೋ – 800 ರೂ.
ಗಿರಣಿ – 100 ರೂ.
ಉರುವಲು – 200 ರೂ.
ಬಸ್ಸು, ಚೀಲ – 100 ರೂ.
ಒಟ್ಟು ಖರ್ಚು – 1,200 ರೂ.
ಉಳಿಯುವುದು – 600 ರೂ.

3. ಹೇಗೆ ತೀರಿಸುತ್ತೇವೆ?
ತಿಂಗಳಿಗೆ 25 ದಿನ ದುಡಿದರೆ 15,000 ರೂ. ಎರಡು ವರ್ಷದ ಸಾಲಕ್ಕೆ, ವರ್ಷಕ್ಕೆ ನೂರಕ್ಕೆ 12 ಬಡ್ಡಿ ಹಿಡಿದರೆ, ತಿಂಗಳ ಕಂತು ಸುಮಾರು 1,900 ರೂ. ಉಳಿದದ್ದು 13,100 ರೂ.

ಈ 13,100 ಪೂರ್ತಿ ಲಾಭವಲ್ಲ. ಇದರಲ್ಲಿ ಇಬ್ಬರ ಕೂಲಿ ಇದೆ. ಒಬ್ಬರಿಗೆ ದಿನಕ್ಕೆ 262 ರೂ. ಬಿತ್ತು. ನಿಮ್ಮೂರ ಹೊಲದ ಕೂಲಿಯ ಜೊತೆ ಹೋಲಿಸಿರಿ. ಮನೆಯವರ ದುಡಿಮೆ ಪುಕ್ಕಟೆ ಎಂದು ಬಿಡಬೇಡಿರಿ.

ಕೆಟ್ಟ ತಿಂಗಳ ಲೆಕ್ಕವನ್ನೂ ಹಾಕಿರಿ. ಬಿತ್ತನೆ ಬಂತು, ಮಳೆ ಹಿಡಿಯಿತು, 10 ದಿನ ಮಾತ್ರ ರೊಟ್ಟಿ ಬಡಿದಿರಿ. ಬಂದದ್ದು 6,000. ಕಂತು ಕಟ್ಟಿದರೂ 4,100 ಉಳಿಯಿತು. ಹಾಗಾದರೆ ಈ ಸಾಲ ಹೊರಬಹುದು. ಕೆಟ್ಟ ತಿಂಗಳಲ್ಲಿ ಕಂತಿಗೇ ಸಾಲದಿದ್ದರೆ ಸಾಲ ಕಡಿಮೆ ಮಾಡಿರಿ.

ಸುಳ್ಳು ಲೆಕ್ಕ ಬರೆದು ಹೆಚ್ಚು ಸಾಲ ತಂದರೆ ಮೋಸ ಹೋಗುವವರು ನಾವೇ. ಕಂತು ಕಟ್ಟುವವರು ನಾವಲ್ಲವೇ?

ತಿಳಿದಿರಲಿ

2015ರಲ್ಲಿ ಮುದ್ರಾ ಯೋಜನೆ ಬಂತು. ಅದರ "ಶಿಶು" ಸಾಲ 50,000 ರೂ. ವರೆಗೆ. ಅದಕ್ಕೆ ಹೊಲ, ಬಂಗಾರ ಅಡವು ಇಡಬೇಕಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗದ ತರಬೇತಿಯನ್ನು ಪುಕ್ಕಟೆ ಕೊಡುತ್ತದೆ. ಧಾರವಾಡದಲ್ಲೂ ಅದು ಇದೆ. ವಸೂಲಿಗೆ ಬಂದವರು ಕಿರುಕುಳ ಕೊಡಬಾರದೆಂದು 2025ರಲ್ಲಿ ರಾಜ್ಯದಲ್ಲಿ ಕಾನೂನು ಬಂದಿದೆ.

ಹೊಸ ಪದಗಳು
ಬಂಡವಾಳ, ಕಂತು, ಉದ್ರಿ, ಅಡವು, ಯೋಜನಾ ವರದಿ

ಅಭ್ಯಾಸ
1. ರೊಟ್ಟಿಗೆ 5 ರೂಪಾಯಿ ಆದರೆ ದಿನಕ್ಕೆ ಎಷ್ಟು ಉಳಿಯುತ್ತದೆ? ತಿಂಗಳಿಗೆ ಎಷ್ಟು?
2. ಖಾನಾವಳಿಯವರು ಒಂದು ವಾರ ಉದ್ರಿ ಇಟ್ಟರೆ ಜೋಳಕ್ಕೆ ಹಣ ಎಲ್ಲಿಂದ?
3. ನಿಮಗೆ ಬರುವ ಒಂದು ಕೆಲಸದ ಲೆಕ್ಕ ಬರೆಯಿರಿ. ನಿಮ್ಮೂರ ದರ ಹಾಕಿರಿ. ಸಂಘದಲ್ಲಿ ಎಲ್ಲರ ಮುಂದೆ ಓದಿರಿ.